ನಾಲ್ಕು ಗಂಟೆಯಲ್ಲಿ 18 ಹೋಲ್: ಮಲೆನಾಡಿನ ವಾರಾಂತ್ಯದ ಗಾಲ್ಫ್ ಗುಂಪುಗಳಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಿಗ್ಗೆ 7ಕ್ಕೆ ಮೊದಲ ಟೀ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಬಿಟ್ಟ ನಾಲ್ವರು ಮಧ್ಯಾಹ್ನ 12 ದಾಟಿದರೂ 16ನೇ ಹೋಲ್‌ನಲ್ಲೇ ಇರುತ್ತಾರೆ. ಮುಂದಿನ ವಾರ ಬೇಗ ಮುಗಿಸೋಣ ಎಂದು ಮಾತಾಡಿಕೊಳ್ಳುತ್ತಾರೆ. ಬಿರಬಿರನೆ ನಡೆಯುತ್ತಾರೆ, ಅವಸರದಲ್ಲಿ ಸ್ವಿಂಗ್ ಮಾಡುತ್ತಾರೆ, ಚೆಂಡು ಪೊದೆ ಸೇರುತ್ತದೆ, ಹುಡುಕಾಟ ಹೆಚ್ಚುತ್ತದೆ, ಮತ್ತೆ ಅದೇ ಐದು ಗಂಟೆಯ ರೌಂಡು. ಒಬ್ಬರು ಹೊಡೆಯುವಾಗ ಉಳಿದ ಮೂವರು ಕೈಕಟ್ಟಿ ನಿಂತು, ತಮ್ಮ ಸರದಿ ಬಂದ ಮೇಲೆ ಗ್ಲೌಸ್ ಹಾಕಲು ಶುರು ಮಾಡುತ್ತಾರಲ್ಲ, ಸಮಯ ಸೋರುವುದು ಅಲ್ಲಿ.

ಲೆಕ್ಕ ಸರಳ. 18 ಹೋಲ್‌ಗೆ 90 ಹೊಡೆತದ ಆಸುಪಾಸು ಆಡುವ ನಾಲ್ವರು ಸೇರಿ ಒಂದು ರೌಂಡಿನಲ್ಲಿ 360 ಹೊಡೆತ ಹೊಡೆಯುತ್ತಾರೆ. ಹೊಡೆತಕ್ಕೆ 10 ಸೆಕೆಂಡು ಉಳಿದರೆ 3,600 ಸೆಕೆಂಡು, ಅಂದರೆ ಪೂರ್ತಿ ಒಂದು ಗಂಟೆ. ಯಾರೂ ಓಡಬೇಕಿಲ್ಲ. ಸಿದ್ಧತೆಯನ್ನು ಇನ್ನೊಬ್ಬರ ಸರದಿಯೊಳಗೆ ಮುಗಿಸಿಕೊಳ್ಳಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಕೆಲಸಕ್ಕಾಗಿ. ಶಿವಮೊಗ್ಗದ ಕಿಮ್ಮನೆಯಲ್ಲಿ ಆಡಿ, ಚಿಕ್ಕಮಗಳೂರು ಗಾಲ್ಫ್ ಕ್ಲಬ್‌ನಲ್ಲಿ ಆಡಿ, ಕ್ರಮ ಇದೇ.

ಹಂತ 1: ಹೊರಡುವ ಮುನ್ನ ಜೇಬು ತುಂಬಿಸಿಕೊಳ್ಳಿ

ಬ್ಯಾಗ್‌ನಲ್ಲಿರುವುದು ಲೆಕ್ಕಕ್ಕಿಲ್ಲ, ಜೇಬಿನಲ್ಲಿರಬೇಕು. ಎಡ ಜೇಬಿನಲ್ಲಿ ಒಂದು ಹೆಚ್ಚುವರಿ ಚೆಂಡು ಮತ್ತು ನಾಲ್ಕು ಟೀ (ಚೆಂಡು ಇಟ್ಟು ಹೊಡೆಯುವ ಪುಟ್ಟ ಕಡ್ಡಿ). ಬಲ ಜೇಬಿನಲ್ಲಿ ಬಾಲ್ ಮಾರ್ಕರ್ (ಒಂದು ರೂಪಾಯಿ ನಾಣ್ಯವೂ ಸಾಕು) ಮತ್ತು ಗ್ರೀನ್‌ನ ಗುಳಿ ಸರಿಪಡಿಸುವ ಫೋರ್ಕ್ (ಗ್ರೀನ್ ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲು). ಕೈಗೆ ಗಡಿಯಾರ. ಮೊಬೈಲ್‌ನಲ್ಲಿ ಸಮಯ ನೋಡಲು ಹೋದವರು ವಾಟ್ಸಾಪ್ ನೋಡಿಯೇ ಬರುತ್ತಾರೆ. ಲೇಸರ್ ದೂರಮಾಪಕ ಇದ್ದರೆ ಅದು ಸೊಂಟದಲ್ಲಿರಲಿ. ಕಮಿಟಿ ಬೇಡ ಎನ್ನದಿದ್ದರೆ ಸ್ಪರ್ಧೆಯಲ್ಲೂ ಅದನ್ನು ಬಳಸಬಹುದು, ಏರಿಳಿತ ಲೆಕ್ಕ ಹಾಕುವ ಸ್ಲೋಪ್ ಸೌಲಭ್ಯ ಮಾತ್ರ ಆಫ್ ಇರಬೇಕು.

ಚೆಂಡಿನ ಮೇಲೆ ಅಳಿಸದ ಪೆನ್ನಿನಿಂದ ನಿಮ್ಮದೇ ಗುರುತು ಹಾಕಿ. ಒಂದೇ ಬ್ರ್ಯಾಂಡ್, ಒಂದೇ ನಂಬರ್ ಇರುವ ಎರಡು ಚೆಂಡು ರಫ್‌ನಲ್ಲಿ (ಬದಿಯ ಉದ್ದ ಹುಲ್ಲು) ಸಿಕ್ಕಾಗ ಆಗುವ ಚರ್ಚೆ ಐದು ನಿಮಿಷಕ್ಕೆ ಕಡಿಮೆ ಆಗುವುದಿಲ್ಲ.

ಮಳೆಗಾಲದ ತಿಂಗಳುಗಳಲ್ಲಿ ಉದ್ದದ ಕಾಲುಚೀಲ ಹಾಕಿ, ಪುಟ್ಟ ಪೊಟ್ಟಣದಲ್ಲಿ ಉಪ್ಪು ಇಟ್ಟುಕೊಳ್ಳಿ. ರಫ್‌ಗೆ ಇಳಿದು ಬಂದವರು ಇಂಬಳ ಕೀಳುತ್ತಾ ಟೀ ಮೇಲೆ ನಿಲ್ಲುವುದು ನಮ್ಮ ಕಡೆ ತಡವಾಗಲು ದೊಡ್ಡ ಕಾರಣ. ಆದರೆ ಉಪ್ಪನ್ನು ಗ್ರೀನ್ ಮೇಲೆ ಉದುರಿಸಬೇಡಿ, ಹುಲ್ಲು ಸುಟ್ಟುಹೋಗುತ್ತದೆ.

ಕೊನೆಯದಾಗಿ ಟೀ ಆಯ್ಕೆ. ಪಾರ್ 4ರಲ್ಲಿ (ನಾಲ್ಕು ಹೊಡೆತಕ್ಕೆ ಮುಗಿಸಬೇಕಾದ ಹೋಲ್) ಎರಡು ಒಳ್ಳೆಯ ಹೊಡೆತಕ್ಕೂ ಗ್ರೀನ್ ತಲುಪದವರು ಹಿಂದಿನ ಟೀಯಿಂದ ಆಡಬಾರದು. ಒಂದು ಟೀ ಮುಂದೆ ಬಂದರೆ ಹೋಲ್‌ಗೆ ಒಂದು ಹೊಡೆತ ಉಳಿಯುವ ಸಾಧ್ಯತೆ ಇದೆ. ಇದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳುವುದೇ ನಿಧಾನ ರೌಂಡಿನ ಮೊದಲ ತಪ್ಪು.

ಹಂತ 2: ಮೂರು ಹೋಲ್‌ಗೆ 40 ನಿಮಿಷ

ಪಾರ್ 3ಕ್ಕೆ 11 ನಿಮಿಷ, ಪಾರ್ 4ಕ್ಕೆ 13, ಪಾರ್ 5ಕ್ಕೆ 16. ನಾಲ್ಕು ಪಾರ್ 3, ಹತ್ತು ಪಾರ್ 4, ನಾಲ್ಕು ಪಾರ್ 5 ಇರುವ ಕೋರ್ಸ್‌ಗೆ ಒಟ್ಟು 238 ನಿಮಿಷ. ಇಷ್ಟನ್ನೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ. ಅದಕ್ಕೇ ಮೂರು ಹೋಲ್‌ಗೆ 40 ನಿಮಿಷ ಎಂಬ ಒಂದೇ ಸೂತ್ರ ಸಾಕು. 3ನೇ ಹೋಲ್ ಮುಗಿದಾಗ 40 ನಿಮಿಷ, 6ಕ್ಕೆ 1 ಗಂಟೆ 20, 9ಕ್ಕೆ 2 ಗಂಟೆ. ಏರುದಿಣ್ಣೆ ಹೆಚ್ಚಿರುವ ಕೋರ್ಸ್ ಆದರೆ ಇಡೀ ರೌಂಡಿಗೆ 15 ನಿಮಿಷ ಸೇರಿಸಿ.

ಗುಂಪಿನಲ್ಲಿ ಒಬ್ಬರು ಗಡಿಯಾರದ ಹೊಣೆ ಹೊರಬೇಕು. "ಎಲ್ಲರೂ ನೋಡ್ಕೊಳ್ಳೋಣ" ಎಂದರೆ ಯಾರೂ ನೋಡುವುದಿಲ್ಲ.

ಗಡಿಯಾರಕ್ಕಿಂತ ಮುಖ್ಯವಾದ ಇನ್ನೊಂದು ಅಳತೆ ಮುಂದಿನ ಗುಂಪು. ನಿಮ್ಮ ಜಾಗ ಅವರ ಬೆನ್ನ ಹಿಂದೆ. ಹಿಂದಿನ ಗುಂಪು ನಿಮ್ಮನ್ನು ಮುಟ್ಟಿಲ್ಲ ಎಂಬುದು ಸಮಾಧಾನವಲ್ಲ, ಅವರೂ ನಿಧಾನ ಇರಬಹುದು. ಪಾರ್ 4ರ ಟೀಗೆ ಬಂದಾಗ ಮುಂದಿನವರು ಗ್ರೀನ್ ಬಿಟ್ಟು, ಇಡೀ ಹೋಲ್ ಖಾಲಿ ಕಂಡರೆ ನೀವು ಹಿಂದೆ ಬಿದ್ದಿದ್ದೀರಿ ಎಂದೇ ಅರ್ಥ. ಪ್ರತಿ ಹೊಡೆತಕ್ಕೂ ಅವರಿಗಾಗಿ ಕಾಯುತ್ತಿದ್ದರೆ ಗಡಿಯಾರ ಏನೇ ಹೇಳಲಿ, ತಪ್ಪು ನಿಮ್ಮದಲ್ಲ.

ಹಂತ 3: ಟೀ ಮೇಲೆ ಸಿದ್ಧರಿದ್ದವರು ಮೊದಲು

ಹಿಂದಿನ ಹೋಲ್ ಗೆದ್ದವರೇ ಮೊದಲು ಹೊಡೆಯಬೇಕೆಂಬ ಪದ್ಧತಿ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಕಡ್ಡಾಯವಲ್ಲ. ಸಿದ್ಧರಿದ್ದವರು ಆಡಲಿ ಎಂದು ಗಾಲ್ಫ್ ನಿಯಮ 5.6 ತಾನೇ ಪ್ರೋತ್ಸಾಹಿಸುತ್ತದೆ. ಮ್ಯಾಚ್ ಪ್ಲೇ (ಎಷ್ಟು ಹೋಲ್ ಗೆದ್ದಿರಿ ಎಂದು ಎಣಿಸುವ ಆಟ) ಮಾತ್ರ ಬೇರೆ. ಅಲ್ಲಿ ಸರದಿ ತಪ್ಪಿ ಹೊಡೆದರೆ ಎದುರಾಳಿ ಆ ಹೊಡೆತ ರದ್ದು ಮಾಡಿ ಮತ್ತೆ ಹೊಡೆಸಬಹುದು. ಹಾಗಾಗಿ ಮೊದಲೇ ಮಾತಾಡಿ ಒಪ್ಪಿಕೊಂಡಿರಬೇಕು.

ದೂರ ಹೊಡೆಯದವರು ಮೊದಲು ಹೊಡೆಯಲಿ. ಮುಂದಿನ ಗುಂಪು 220 ಗಜದಲ್ಲಿದ್ದಾಗ 170 ಗಜ ಹೊಡೆಯುವವರು ಕಾಯಲು ಕಾರಣವೇ ಇಲ್ಲ. ಹಿರಿಯರಿದ್ದರೆ ಅವರನ್ನು ದಾಟಿ ಹೊಡೆಯಲು ಕಿರಿಯರು ಸಂಕೋಚ ಪಡುತ್ತಾರೆ, ಹಿರಿಯರು ಇವರು ಹೊಡೆಯಲಿ ಎಂದು ಕಾಯುತ್ತಾರೆ, ಇಬ್ಬರೂ ನಿಂತೇ ಇರುತ್ತಾರೆ. ಬಾಯಿಬಿಟ್ಟು ಹೇಳಿದರೆ ಮುಗಿಯಿತು: "ನೀವು ರೆಡಿ ಇದ್ರೆ ಹೊಡೀರಿ ಮಾರಾಯ್ರೆ, ನಾನಿನ್ನೂ ದೂರ ನೋಡ್ತಾ ಇದೀನಿ."

ಅಭ್ಯಾಸದ ಸ್ವಿಂಗ್ ಒಂದೇ. ಸರದಿ ಬಂದ ಮೇಲೆ 40 ಸೆಕೆಂಡಿಗೆ ಮೀರಬಾರದು ಎಂಬುದು ನಿಯಮಪುಸ್ತಕದ ಶಿಫಾರಸು. ಯಾವ ಕ್ಲಬ್ ಎಂಬುದು ಮೊದಲೇ ತೀರ್ಮಾನವಾಗಿದ್ದರೆ 20 ಸೆಕೆಂಡು ಧಾರಾಳ.

ಚೆಂಡು ಹಾರಿದ ಮೇಲೆ ನಾಲ್ವರೂ, ಬ್ಯಾಗ್ ಹೊರುವ ಕ್ಯಾಡಿಗಳೂ ಅದು ನಿಲ್ಲುವವರೆಗೆ ನೋಡಬೇಕು. ಕೆಟ್ಟ ಹೊಡೆತ ಹೊಡೆದವರು ಬೇಸರದಿಂದ ಮುಖ ತಿರುಗಿಸುವುದು ಸಹಜ, ಹುಡುಕಲು ಅತಿ ಕಷ್ಟವಾಗುವುದೂ ಅದೇ ಚೆಂಡು. ಗುರುತನ್ನು ಮಾತಿನಲ್ಲಿ ಹೇಳಿ: "ಎರಡನೇ ಸಿಲ್ವರ್ ಓಕ್ ಬುಡದಿಂದ ಎಡಕ್ಕೆ, ಹತ್ತು ಹೆಜ್ಜೆ." "ಅಲ್ಲೆಲ್ಲೋ ಹೋಯ್ತು" ಎಂಬುದು ಗುರುತಲ್ಲ.

ಹಂತ 4: ಅನುಮಾನ ಬಂದ ಕೂಡಲೇ ಪ್ರೊವಿಜನಲ್

ಈ ಹಂತ ತಪ್ಪಿಸಿದವರು 200 ಗಜ ನಡೆದು, ಚೆಂಡು ಸಿಗದೆ, ಮತ್ತೆ ಟೀಗೆ ವಾಪಸ್ ಬರುತ್ತಾರೆ. ಆ ಹೊತ್ತಿಗೆ ಹಿಂದಿನ ಗುಂಪು ಅಲ್ಲಿ ನಿಂತಿರುತ್ತದೆ. ಕೋರ್ಸ್ ಗಡಿಯ ಬಿಳಿ ಗೂಟದ ಆಚೆ ಹೋಗಿರಬಹುದು ಅಥವಾ ಲಂಟಾನ ಮೆಳೆಯಲ್ಲಿ ಕಳೆದಿರಬಹುದು ಎನಿಸಿದರೆ, ಉಳಿದವರೆಲ್ಲ ಮೊದಲ ಹೊಡೆತ ಮುಗಿಸಿದ ಮೇಲೆ ಪ್ರೊವಿಜನಲ್ ಚೆಂಡು (ಮೊದಲನೆಯದು ಸಿಗದಿದ್ದರೆ ಇರಲಿ ಎಂದು ಅಲ್ಲಿಂದಲೇ ಹೊಡೆಯುವ ಎರಡನೇ ಚೆಂಡು) ಹೊಡೆಯಿರಿ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, "ಇನ್ನೊಂದು ಹೊಡೀತೀನಿ" ಎಂದಷ್ಟೇ ಹೇಳುವುದು. ಅಷ್ಟು ಸಾಲದು, "ಪ್ರೊವಿಜನಲ್" ಎಂದು ಸ್ಪಷ್ಟವಾಗಿ ಹೇಳಬೇಕು. ಇಲ್ಲದಿದ್ದರೆ ಮೊದಲ ಚೆಂಡು ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಪಕ್ಕದಲ್ಲೇ ಸಿಕ್ಕರೂ ಉಪಯೋಗವಿಲ್ಲ, ಎರಡನೆಯದೇ ನಿಮ್ಮ ಚೆಂಡು, ಅದು ನಿಮ್ಮ ಮೂರನೇ ಹೊಡೆತ. ಎರಡು, ಕೆಂಪು ಅಥವಾ ಹಳದಿ ಗೂಟದ ಪೆನಾಲ್ಟಿ ಏರಿಯಾದ ಕೆರೆಗೆ ಬಿದ್ದದ್ದು ಕಣ್ಣಾರೆ ಕಂಡಿದ್ದರೂ ಪ್ರೊವಿಜನಲ್ ಹೊಡೆಯುವುದು. ಅದಕ್ಕೆ ಅವಕಾಶವಿಲ್ಲ. ಮುಂದೆ ಹೋಗಿ ಡ್ರಾಪ್ ಮಾಡಿ (ಚೆಂಡನ್ನು ಕೈಯಿಂದ ಬೀಳಿಸಿ) ಆಡಿದರೆ ಸಮಯವೂ ಉಳಿಯುತ್ತದೆ.

ಹಂತ 5: ಮೂರೇ ನಿಮಿಷದ ಹುಡುಕಾಟ

2019ರಿಂದ ಹುಡುಕಾಟಕ್ಕೆ ಇರುವುದು 3 ನಿಮಿಷ. ಹಳೆಯ 5 ನಿಮಿಷದ ಅಭ್ಯಾಸ ಇನ್ನೂ ಹೋಗಿಲ್ಲ. ಆಟಗಾರ ಅಥವಾ ಅವರ ಕ್ಯಾಡಿ ಹುಡುಕಲು ಶುರು ಮಾಡಿದ ಕ್ಷಣದಿಂದ ಲೆಕ್ಕ. ಗಡಿಯಾರದವರು "ಶುರು" ಎಂದು ಕೂಗಿ ಹೇಳಲಿ, 2 ನಿಮಿಷಕ್ಕೆ ಒಮ್ಮೆ ಎಚ್ಚರಿಸಲಿ.

ಕ್ರಮ ಹೀಗಿರಲಿ. ಚೆಂಡು ಕಂಡಿರುವವರು ಮೊದಲು ತಮ್ಮ ಹೊಡೆತ ಹೊಡೆದು, ಆಮೇಲೆ ಸಹಾಯಕ್ಕೆ ಬರಲಿ. ನಾಲ್ವರೂ ಒಟ್ಟಿಗೆ ಪೊದೆಗೆ ನುಗ್ಗಿದರೆ ಚೆಂಡು ಸಿಕ್ಕ ಮೇಲೂ ನಾಲ್ಕು ಹೊಡೆತ ಬಾಕಿ ಇರುತ್ತದೆ. ಹುಡುಕುವವರು ಗುರುತಿನ ಮರಕ್ಕಿಂತ 20 ಹೆಜ್ಜೆ ಹಿಂದಿನಿಂದ ಆರಂಭಿಸಿ, ಗದ್ದೆ ಕಳೆ ಕೀಳುವವರಂತೆ ಸಾಲಾಗಿ ಮುಂದೆ ಹೋಗಬೇಕು. ನಮ್ಮ ಹೊಡೆತ ಎಷ್ಟು ದೂರ ಹೋಯಿತೆಂಬ ಅಂದಾಜು ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಇಳಿಜಾರಿದ್ದರೆ ಕೆಳಬದಿ ಮೊದಲು. ಬೇಸಿಗೆಯಲ್ಲಿ ಗಟ್ಟಿಯಾದ ಜಂಬಿಟ್ಟಿಗೆ ನೆಲಕ್ಕೆ ಬಿದ್ದ ಚೆಂಡು ಪುಟಿದು ಚರಂಡಿವರೆಗೂ ಉರುಳುತ್ತದೆ. ಮಳೆಗಾಲದಲ್ಲಿ ಬಿದ್ದಲ್ಲೇ ಹೂತುಕೊಳ್ಳುತ್ತದೆ, ಆಗ ಹುಲ್ಲಿನ ಮೇಲೆ ನೋಡಿದರೆ ಸಾಲದು, ಗುಳಿ ಹುಡುಕಬೇಕು. ಸಾಮಾನ್ಯ ಪ್ರದೇಶದಲ್ಲಿ ಹೀಗೆ ಹೂತ ಚೆಂಡಿಗೆ ದಂಡವಿಲ್ಲದೆ ಡ್ರಾಪ್ ಸಿಗುತ್ತದೆ.

ಒಣ ಎಲೆಯ ರಾಶಿಯನ್ನು ಕ್ಲಬ್ಬಿನಿಂದ ಧೈರ್ಯವಾಗಿ ಸರಿಸಿ. ಹುಡುಕುವಾಗ ಅಕಸ್ಮಾತ್ ನಿಮ್ಮ ಚೆಂಡು ಅಲುಗಿದರೆ ದಂಡವಿಲ್ಲ, ಇದ್ದಲ್ಲೇ ವಾಪಸ್ ಇಡಬೇಕು ಅಷ್ಟೆ. ಕೈ ಮಾತ್ರ ಹಾಕಬೇಡಿ. ಎಲೆಯಡಿ ಹಾವಿರಬಹುದು, ಯಾವ ಚೆಂಡೂ ಅಷ್ಟು ಬೆಲೆಯದಲ್ಲ.

ಸಿಗುವುದು ಅನುಮಾನ, ಮುಂದೆ ಹೋಲ್ ಖಾಲಿ, ಹಿಂದೆ ಗುಂಪು ಕಾಯುತ್ತಿದೆ. ಈ ಮೂರೂ ಸೇರಿದಾಗ 3 ನಿಮಿಷ ಮುಗಿಯುವುದನ್ನೂ ಕಾಯದೆ ಕೈ ಎತ್ತಿ ಅವರನ್ನು ಮುಂದೆ ಬಿಡಿ. ಬಿಟ್ಟ ಮೇಲೆ ಚೆಂಡು ಸಿಕ್ಕಿತೆಂದು ನಡುವೆ ಹೊಡೆಯಬೇಡಿ. ಅವರು ಪೂರ್ತಿ ದಾಟಿ ಹೋಗಲಿ.

ಹಂತ 6: ಮಂದೆಯಂತೆ ನಡೆಯಬೇಡಿ

ಟೀಯಿಂದ ಒಬ್ಬರ ಚೆಂಡಿನ ಬಳಿಗೆ ನಾಲ್ವರೂ ಹೋಗಿ, ಅವರು ಹೊಡೆದ ಮೇಲೆ ಇನ್ನೊಬ್ಬರ ಬಳಿಗೆ ಹೋಗುವುದು ಬಿಡಬೇಕು. ಪ್ರತಿಯೊಬ್ಬರೂ ನೇರ ತಮ್ಮ ಚೆಂಡಿಗೆ ಹೋಗಲಿ. ಹೊಡೆಯುವವರ ಮುಂದೆ ಬಾರದಂತೆ ಪಕ್ಕದಲ್ಲಿ ಸಾಗಿದರೆ ಸಾಕು.

ಇಬ್ಬರಿಗೆ ಒಬ್ಬ ಕ್ಯಾಡಿ ಇರುವಲ್ಲಿ ತೊಡಕು ಬರುತ್ತದೆ. ಒಬ್ಬರ ಚೆಂಡು ಎಡದ ದಿಣ್ಣೆ ಮೇಲೆ, ಇನ್ನೊಬ್ಬರದು ಬಲದ ಹಳ್ಳದ ಪಕ್ಕ. ಕ್ಯಾಡಿ ಬರಲಿ ಎಂದು ನಿಲ್ಲುವ ಬದಲು, ಟೀ ಬಿಡುವಾಗಲೇ ಬ್ಯಾಗಿನಿಂದ ಮೂರು ಕ್ಲಬ್ ಎತ್ತಿಕೊಂಡು ಹೊರಡಿ: ಬೇಕೆನಿಸಿದ ಐರನ್, ಅದರ ಮೇಲಿನದೊಂದು, ಕೆಳಗಿನದೊಂದು. ಕಾರ್ಟ್ ಆದರೂ ಹೀಗೇ. ಒಬ್ಬರನ್ನು ಮೂರು ಕ್ಲಬ್ ಸಮೇತ ಇಳಿಸಿ, ಇನ್ನೊಬ್ಬರು ಕಾರ್ಟ್ ತೆಗೆದುಕೊಂಡು ತಮ್ಮ ಚೆಂಡಿಗೆ ಹೋಗಲಿ.

ಹಂತ 7: ಗ್ರೀನ್ ಮೇಲೆ ಹೆಚ್ಚು ಗಮನ

ಮೇಲಿನ ಎಲ್ಲ ಹಂತ ಸರಿಯಾಗಿ ಮಾಡಿದ ಗುಂಪೂ ಇಲ್ಲಿ ಸೋಲುತ್ತದೆ.

ಮೊದಲ ಕೆಲಸ, ಬ್ಯಾಗ್ ಇಡುವ ಜಾಗ. ಗ್ರೀನ್‌ನ ಮುಂಭಾಗದಲ್ಲಿ ಇಟ್ಟರೆ ಮುಗಿಸಿದ ಮೇಲೆ ಹಿಂದಕ್ಕೆ ಬಂದು ಎತ್ತಿಕೊಳ್ಳಬೇಕು, ಅಷ್ಟು ಹೊತ್ತೂ ಹಿಂದಿನವರು ಹೊಡೆಯುವಂತಿಲ್ಲ. ಮುಂದಿನ ಟೀಗೆ ಹೋಗುವ ದಾರಿಯ ಬದಿಗೇ ಬ್ಯಾಗ್, ಕಾರ್ಟ್ ಎರಡೂ ಇರಲಿ. ಚಿಪ್ ಮಾಡಲು (ಗ್ರೀನ್ ಮೇಲಕ್ಕೆ ಪುಟ್ಟ ಹೊಡೆತ ಹೊಡೆಯಲು) ಹೋಗುವಾಗ ಪಟರ್ ಕೈಯಲ್ಲಿರಲಿ.

ಎರಡನೆಯದು, ಇಳಿಜಾರು ಓದುವ ಹೊತ್ತು. ಇನ್ನೊಬ್ಬರು ತಮ್ಮ ಪಟ್‌ಗೆ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಸಿದ್ಧರಾಗುವಾಗಲೇ ನಿಮ್ಮ ಸಾಲನ್ನು, ಅಂದರೆ ಚೆಂಡು ಉರುಳುವ ದಾರಿಯನ್ನು, ಓದಿ ಮುಗಿಸಿ. ಅವರು ಹೊಡೆಯುವ ಕ್ಷಣಕ್ಕೆ ಅಲುಗಾಡದೆ ನಿಂತರೆ ಸೌಜನ್ಯಕ್ಕೆ ಕೊರತೆಯಿಲ್ಲ. ಅವರ ಚೆಂಡು ನಿಂತ ಮೇಲೆ ಎದ್ದು ಹೋಲ್ ಸುತ್ತ ಪ್ರದಕ್ಷಿಣೆ ಹಾಕುವವರಿಂದ ಒಂದು ಗ್ರೀನ್‌ಗೆ ಎರಡು ನಿಮಿಷ ಹೋದರೂ 18ಕ್ಕೆ 36 ನಿಮಿಷ.

ಮೂರನೆಯದು, ಫ್ಲ್ಯಾಗ್. 2019ರ ನಿಯಮದಂತೆ ಫ್ಲ್ಯಾಗ್ ಹೋಲ್‌ನಲ್ಲೇ ಇರುವಾಗ ಪಟ್ ಮಾಡಬಹುದು. ಇರಲಿ ಅಥವಾ ತೆಗೆಯಲಿ, ಮೊದಲ ಟೀಯಲ್ಲೇ ಗುಂಪು ಒಂದು ತೀರ್ಮಾನ ಮಾಡಿಕೊಂಡರೆ ಒಳ್ಳೆಯದು. ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ ಎಂದು ಹಾಕಿ ತೆಗೆಯುವುದು ಫ್ಲ್ಯಾಗ್ ತೆಗೆದೇ ಆಡುವುದಕ್ಕಿಂತ ನಿಧಾನ.

ನಾಲ್ಕನೆಯದು, ಮುಗಿಸುವುದು. ಒಂದೂವರೆ ಅಡಿ ಉಳಿದಾಗ ಮಾರ್ಕ್ ಮಾಡಿ, ಚೆಂಡು ಒರೆಸಿ, ಮತ್ತೆ ಸರದಿಗೆ ಕಾಯುವ ಬದಲು, ಇನ್ನೊಬ್ಬರ ಸಾಲು ತುಳಿಯದಂತಿದ್ದರೆ ಆಗಲೇ ಒಳಗೆ ಹಾಕಿ. ಮೊದಲು ಮುಗಿಸಿದವರು ಫ್ಲ್ಯಾಗ್‌ನ ಹೊಣೆ ತೆಗೆದುಕೊಳ್ಳಲಿ. ಬಂಕರ್ ಗುಳಿಯ ಮರಳು ಸಮ ಮಾಡುವುದು ಕ್ಯಾಡಿಗೆ ಬಿಟ್ಟು ಆಟಗಾರರು ಗ್ರೀನ್‌ಗೆ ಬರಲಿ. ಕ್ಯಾಡಿ ಇಲ್ಲದಿದ್ದರೆ ಸಮೀಪವಿದ್ದವರು ಮಾಡಲಿ.

ಸ್ಕೋರ್ ಬರೆಯುವುದು ಮುಂದಿನ ಟೀಯಲ್ಲಿ. ಗ್ರೀನ್ ನಡುವೆ ನಿಂತು "ನಿಮ್ದು ಆರಾ, ಏಳಾ?" ಎಂದು ಎಣಿಸುವ ಗುಂಪು ಕಂಡರೆ ಆ ರೌಂಡು ಐದು ಗಂಟೆಯದು ಎಂದು ತಿಳಿಯಿರಿ.

ಹಂತ 8: ಚೆಂಡು ಎತ್ತಿಕೊಳ್ಳುವುದು ಯಾವಾಗ

ಸ್ಟೇಬಲ್‌ಫೋರ್ಡ್‌ನಲ್ಲಿ (ಪ್ರತಿ ಹೋಲ್‌ಗೂ ಪಾಯಿಂಟ್ ಕೊಡುವ ಆಟ) ಇದು ಗೊತ್ತಿದ್ದರೆ ಬಹಳ ಸಮಯ ಉಳಿಯುತ್ತದೆ. ಪಾರ್ 4, ನಿಮಗೆ ಆ ಹೋಲ್‌ನಲ್ಲಿ ಒಂದು ಹ್ಯಾಂಡಿಕ್ಯಾಪ್ ಸ್ಟ್ರೋಕ್ (ನಿಮ್ಮ ಆಟದ ಮಟ್ಟಕ್ಕೆ ಸಿಗುವ ರಿಯಾಯಿತಿ ಹೊಡೆತ) ಇದೆ ಎನ್ನಿ. 6ಕ್ಕೆ ಒಂದು ಪಾಯಿಂಟ್, 7ಕ್ಕೆ ಸೊನ್ನೆ. ಆರನೇ ಹೊಡೆತವೂ ಒಳಗೆ ಹೋಗದಿದ್ದರೆ ಚೆಂಡು ಎತ್ತಿಕೊಂಡು ಬದಿಗೆ ಬನ್ನಿ. ಸೂತ್ರ: ಪಾರ್, ಅದಕ್ಕೆ ಎರಡು, ಜೊತೆಗೆ ನಿಮ್ಮ ಸ್ಟ್ರೋಕ್. ಅಷ್ಟು ಮುಟ್ಟಿದರೆ ಸೊನ್ನೆ.

ಎಚ್ಚರಿಕೆ: ಮಾಮೂಲಿ ಸ್ಟ್ರೋಕ್ ಪ್ಲೇಯಲ್ಲಿ ಇದು ನಡೆಯದು. "ಕೊಟ್ಟೆ, ಎತ್ಕೊಳ್ಳಿ" ಎಂಬ ಸ್ನೇಹಕ್ಕೆ ಅಲ್ಲಿ ಬೆಲೆಯಿಲ್ಲ. ಹೋಲ್ ಮುಗಿಸದೆ ಮುಂದಿನ ಟೀಯಿಂದ ಹೊಡೆದರೆ ಅನರ್ಹತೆ.

ಹಂತ 9: ಹಿಂದೆ ಬಿದ್ದಾಗ

ಗಡಿಯಾರದವರು ಒಬ್ಬರ ಹೆಸರು ಎತ್ತದೆ ಇಡೀ ಗುಂಪಿಗೆ ಹೇಳಲಿ: "ಸಾರ್, ಮುಂದಿನವರು ಗ್ರೀನ್ ಬಿಟ್ಟಾಯ್ತು, ಎರಡು ಹೋಲ್ ಸ್ವಲ್ಪ ಚುರುಕಾಗಿ ಹೋಗೋಣ." ನಿಧಾನ ಆಡುವವರಿಗೆ ತಾವು ನಿಧಾನವೆಂದು ಗೊತ್ತೇ ಇರುವುದಿಲ್ಲ. ಬೊಟ್ಟು ಮಾಡಿದರೆ ಮುದುಡಿ ಇನ್ನೂ ನಿಧಾನವಾಗುತ್ತಾರೆ.

ಮುಂದಿನ ಎರಡು ಹೋಲ್‌ಗೆ ಹೀಗೆ ಮಾಡಿ. ಮೊದಲು ಪಟ್ ಮುಗಿಸಿದ ಇಬ್ಬರು ಉಳಿದವರಿಗೆ ಕಾಯದೆ ಮುಂದಿನ ಟೀಗೆ ಹೋಗಿ ಹೊಡೆಯಲಿ. ಅಭ್ಯಾಸದ ಸ್ವಿಂಗ್ ಬಿಡಿ. ಸ್ವಿಂಗ್‌ನ ಲಯ ಮಾತ್ರ ಬದಲಿಸಬೇಡಿ. ಎರಡು ಹೋಲ್ ಆದರೂ ಅಂತರ ಹಾಗೇ ಇದ್ದರೆ ಹಿಂದಿನವರನ್ನು ಮುಂದೆ ಬಿಡುವುದೇ ದಾರಿ. ಸ್ಪರ್ಧೆಯಲ್ಲಿ ಕಾರಣವಿಲ್ಲದ ವಿಳಂಬಕ್ಕೆ ಮೊದಲ ಸಲ ಒಂದು ಸ್ಟ್ರೋಕ್, ಎರಡನೇ ಸಲ ಸ್ಟ್ರೋಕ್ ಪ್ಲೇಯಲ್ಲಿ ಎರಡು ಸ್ಟ್ರೋಕ್, ಮೂರನೇ ಸಲ ಅನರ್ಹತೆ.

ಹಂತ 10: ಮಳೆ, ಮಂಜು, ಮಿಂಚು

ಮಂಜಿನ ಬೆಳಿಗ್ಗೆ ಬಿಳಿ ಚೆಂಡು ಬಿಟ್ಟು ಹಳದಿ ಅಥವಾ ಕಿತ್ತಳೆ ಬಣ್ಣದ್ದು ತನ್ನಿ. ಚೆಂಡು ಬೀಳುವ ಜಾಗ ಕಾಣದಿದ್ದರೆ ಹೊಡೆಯಲೇಬೇಡಿ, ಅಲ್ಲಿ ಹುಲ್ಲು ಕತ್ತರಿಸುವವರು ಇರಬಹುದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗಿಗೆ ಆಟ ನಿಲ್ಲಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಮರದ ಕೆಳಗೆ ನಿಲ್ಲದೆ ಕಟ್ಟಡದೊಳಗೆ ಹೋಗಿ. ಉಳಿಸಿದ ಸಮಯವನ್ನೆಲ್ಲ ಇಲ್ಲಿ ಕಳೆದುಕೊಂಡರೂ ನಷ್ಟವಿಲ್ಲ.

ಡಿಸೆಂಬರಿನಲ್ಲಿ ಸಂಜೆ 6ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಪಶ್ಚಿಮಕ್ಕೆ ಗುಡ್ಡವಿದ್ದರೆ ಇನ್ನೂ ಬೇಗ ನೆರಳು. ನಾಲ್ಕೂಕಾಲು ಗಂಟೆ ಹಿಂದಕ್ಕೆ ಎಣಿಸಿ. ಮಧ್ಯಾಹ್ನ 1:45ರ ಮೇಲೆ 18 ಹೋಲ್‌ಗೆ ಹೊರಡುವುದು ಬೇಡ, 9 ಆಡಿ.

ಹಂತ 11: ಸ್ಪರ್ಧೆ ನಡೆಸುವ ಕಮಿಟಿಗೆ

ಆಟಗಾರರು ಎಷ್ಟು ಶಿಸ್ತಾಗಿದ್ದರೂ ಟೀ ಸಮಯ ಒತ್ತೊತ್ತಾಗಿದ್ದರೆ ಪ್ರಯೋಜನವಿಲ್ಲ. ನಾಲ್ವರ ಗುಂಪಿಗೆ ಪಾರ್ 3ರಲ್ಲಿ ಮೊದಲ ಹೊಡೆತದಿಂದ ಗ್ರೀನ್ ಖಾಲಿಯಾಗುವವರೆಗೆ ಸುಮಾರು 10 ನಿಮಿಷ ಬೇಕು. ಟೀ ಬಿಡುವ ಅಂತರ 7 ನಿಮಿಷ ಇಟ್ಟರೆ ಗುಂಪಿಗೆ 3 ನಿಮಿಷದಂತೆ ಬಾಕಿ ಕೂಡುತ್ತಾ, ಹತ್ತನೇ ಗುಂಪು ಅಲ್ಲಿ 27 ನಿಮಿಷ ನಿಲ್ಲುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಒಂದು ಬಸ್ಸು ತಿರುಗುವವರೆಗೆ ಹಿಂದಿನವೆಲ್ಲ ನಿಲ್ಲುವುದೂ ಹೀಗೆಯೇ. ಹಿಂದೆ ಎಷ್ಟು ವೇಗವಾಗಿ ಬಂದರೇನು? 10 ನಿಮಿಷದ ಅಂತರ ಇಡಿ, ಗುಂಪು ಕಡಿಮೆಯಾದರೂ ಸರಿ.

ದಿಣ್ಣೆಯಾಚೆ ಚೆಂಡು ಬಿದ್ದದ್ದು ಕಾಣದ ಹೋಲ್‌ಗಳಲ್ಲಿ ಚೆಂಡು ಬಿದ್ದ ಜಾಗ ತೋರಿಸಲು ಬಾವುಟ ಹಿಡಿದ ಫೋರ್‌ಕ್ಯಾಡಿ ನಿಲ್ಲಿಸಿ. ನಮ್ಮ ಏರಿಳಿತದ ಕೋರ್ಸ್‌ಗಳಿಗೆ ಇದಕ್ಕಿಂತ ಉಪಕಾರದ ಖರ್ಚು ಬೇರೆ ಇಲ್ಲ. ಫೇರ್‌ವೇ ಅಂಚಿನಿಂದ ಹತ್ತು ಹೆಜ್ಜೆ ರಫ್ ತಗ್ಗಿಸಿ. ಇಳಿಜಾರಿನ ಗ್ರೀನ್‌ಗಳಲ್ಲಿ ಹೋಲ್ ಅನ್ನು ಸಮತಟ್ಟಿನಲ್ಲಿ ತೋಡಿಸಿ. ಮೊದಲ ಎರಡು ಗುಂಪಿಗೆ ಚುರುಕಾಗಿ ಆಡುವವರನ್ನೇ ಹಾಕಿ, ಇಡೀ ದಿನದ ವೇಗ ಅವರದು.

ಸಾಮಾನ್ಯ ಸದಸ್ಯರ ಸ್ಪರ್ಧೆಗೆ ಇ-5 ಎಂಬ ಸ್ಥಳೀಯ ನಿಯಮ ಜಾರಿ ಮಾಡಬಹುದು. ಚೆಂಡು ಕಳೆದರೆ ಅಥವಾ ಬಿಳಿ ಗೂಟ ದಾಟಿದರೆ ಟೀಗೆ ವಾಪಸ್ ಹೋಗದೆ, ಎರಡು ಪೆನಾಲ್ಟಿ ಸ್ಟ್ರೋಕ್ ಸೇರಿಸಿ ಫೇರ್‌ವೇ ಬದಿಯಲ್ಲಿ ಡ್ರಾಪ್. ಆ ಚೆಂಡಿಗೆ ಪ್ರೊವಿಜನಲ್ ಹೊಡೆದಿದ್ದರೆ ಈ ಸೌಲಭ್ಯ ಸಿಗದು ಎಂಬುದನ್ನು ಮೊದಲ ಟೀಯಲ್ಲೇ ಕನ್ನಡದಲ್ಲಿ ಬರೆದು ಹಾಕಿ, ಕ್ಯಾಡಿಗಳಿಗೂ ಓದಿ ಹೇಳಿ. ಸ್ಕೋರ್‌ಕಾರ್ಡಿನಲ್ಲಿ 9 ಮತ್ತು 18ನೇ ಹೋಲ್ ಪಕ್ಕ ಮುಗಿದ ಸಮಯ ಬರೆಯಲು ಎರಡು ಚೌಕ ಮಾಡಿಸಿ. ಮೂರು ಸ್ಪರ್ಧೆಗಳ ಕಾರ್ಡ್ ಒಟ್ಟಿಗೆ ಇಟ್ಟು ನೋಡಿದರೆ ಮೊದಲ ಒಂಬತ್ತರಲ್ಲಿ ತಡವೋ ಎರಡನೆಯದರಲ್ಲೋ, ಎಲ್ಲರಿಗೂ ತಡವೋ ಕೆಲವೇ ಗುಂಪಿಗೋ ಎಂಬುದು ಅಲ್ಲೇ ಕಾಣುತ್ತದೆ.